ಈ ಸಲ ಚೀಲದಕ್ಕ ಕಲ್ಲು ಬಿಟ್ಟು ಹೊರಟಿದ್ದಾರೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ನಾಲ್ಕು ಮಹಡಿಯ ಹಳೇ ಕಟ್ಟಡದ ಮೆಟ್ಟಿಲ ಮೇಲೆ ದಪ್ ದಪ್ ಸದ್ದು. ಹೆಂಗಸೊಬ್ಬರು ತಮ್ಮ ತಲೆಗಿಂತ ಎತ್ತರದ ಚೀಲವನ್ನು ಬೆನ್ನಿಗೇರಿಸಿಕೊಂಡು ಹತ್ತುತ್ತಿದ್ದಾರೆ. ತಾರಸಿ ಮುಟ್ಟಿದ ಕೂಡಲೇ ಚೀಲ ಇಳಿಸುತ್ತಾರೆ, ಮಂಡಿಯೂರಿ ಹೆಗಲಪಟ್ಟಿಯ ಹೊಲಿಗೆಯನ್ನು ಹೆಬ್ಬೆರಳಲ್ಲಿ ಒತ್ತಿ ಒತ್ತಿ ನೋಡುತ್ತಾರೆ, ಮತ್ತೆ ಹೊತ್ತು ಇಳಿಯುತ್ತಾರೆ. ಎದುರಿಗೇ, ಊರಿನ ಸೂರುಗಳ ಆಚೆ, ಬೆಟ್ಟ ನಿಂತಿದೆ. ಅತ್ತ ಅವರ ಕಣ್ಣು ಹಾಯುವುದೇ ಇಲ್ಲ. ಕೆಳಮನೆಯವರು ಮೊದಮೊದಲು ಗೊಣಗುತ್ತಿದ್ದರು, ಈಗ ಈ ಸದ್ದೇ ಅವರಿಗೆ ಅಲಾರಂ.

ಇವರನ್ನು ಎಲ್ಲರೂ ಚೀಲದಕ್ಕ ಅನ್ನುತ್ತಾರೆ. ಕಟ್ಟಡದ ನೆಲಮಹಡಿಯಲ್ಲಿ ಬೆಟ್ಟ ಹತ್ತುವವರಿಗೆ ಡೇರೆ, ಚೀಲ, ಟಾರ್ಚು, ಮಳೆ ಕೋಟು ಬಾಡಿಗೆಗೆ ಕೊಡುವ ಅಂಗಡಿಯಿದೆ. ಅದರ ಹಿಂದಿನ ಕೋಣೆಯಲ್ಲಿ, ಕಿಟಕಿಗೆ ಒತ್ತಿಕೊಂಡಂತೆ, ಇವರ ಹೊಲಿಗೆ ಮಿಷನ್ನು. ಹರಿದ ಪಟ್ಟಿ, ಕೈಕೊಟ್ಟ ಜಿಪ್ಪು, ಬಾಯಿಬಿಟ್ಟ ತಳ, ಎಲ್ಲವೂ ಅಲ್ಲಿಗೇ ಬರಬೇಕು. ದಿನಕ್ಕೆ ಎಂಟು ಹತ್ತು ಚೀಲ ಕೈ ದಾಟುತ್ತವೆ. ರಜೆ ಬಂತೆಂದರೆ ಊಟಕ್ಕೂ ಪುರುಸೊತ್ತಿಲ್ಲ. ದಪ್ಪ ಬಟ್ಟೆಗೆ ಸೂಜಿ ಇಳಿಸಿ ಇಳಿಸಿ ಮಣಿಕಟ್ಟು ಬಾತಿದೆ. "ನೋವಿಗೇನು, ಅದು ನನ್ನ ಜೊತೇಲೇ ಕೆಲಸಕ್ಕೆ ಬರುತ್ತೆ, ಜೊತೇಲೇ ಮನೆಗೆ ಹೋಗುತ್ತೆ" ಎಂದು ನಗುತ್ತಾರೆ.

ಮೊದಲು ಅವರು ಸಿದ್ಧ ಉಡುಪಿನ ಕಾರ್ಖಾನೆಯಲ್ಲಿದ್ದರು. ಅದು ಬಾಗಿಲು ಹಾಕಿತು. ಗಂಡ ಲಾರಿ ಓಡಿಸುತ್ತಾರೆ, ವಾರಕ್ಕೆರಡು ದಿನ ಮನೆಯಲ್ಲಿದ್ದರೆ ಹೆಚ್ಚು. ಅತ್ತೆ, ಸೊಸೆ ಇಬ್ಬರೇ ಮೂರನೇ ಮಹಡಿಯ ಎರಡು ಕೋಣೆಯಲ್ಲಿ ದಿನ ದೂಡುತ್ತಿದ್ದಾಗ ಕೆಳಗಿನ ಅಂಗಡಿಯವರು ಕರೆದು ಕೆಲಸ ಕೊಟ್ಟರು. ಸೇರಿದ ಹೊಸತರಲ್ಲಿ ಇವರು ಹೊಲಿದ ಪಟ್ಟಿಯೊಂದು ಬೆಟ್ಟದ ನಡುದಾರಿಯಲ್ಲಿ ಕಿತ್ತುಬಂತು. ಹೊತ್ತಿದ್ದವರು ಚೀಲವನ್ನು ಎದೆಗವಚಿಕೊಂಡು ಇಳಿದರು. ಕಾಲಡಿ ಕಾಣದೆ ಜಾರಿದರು, ಪಾದ ಉಳುಕಿತು. "ಅವರು ಒಂದು ಮಾತೂ ಬೈಯಲಿಲ್ಲ. ಬೈದಿದ್ರೆ ಚೆನ್ನಾಗಿತ್ತು."

ಮಾರನೇ ದಿನದಿಂದ ಶುರುವಾದದ್ದು ಈ ಮೆಟ್ಟಿಲ ಸೇವೆ. ಹೊಲಿದ ಚೀಲಕ್ಕೆ ಕಲ್ಲು ತುಂಬಿ, ಹೊತ್ತು, ತಾರಸಿಗೆ ಹತ್ತಿಳಿಯದೆ ಯಾವ ಚೀಲವೂ ಗಿರಾಕಿಯ ಕೈಸೇರುವುದಿಲ್ಲ. ಕಲ್ಲು ಒಳಬಟ್ಟೆ ಹರಿಯಬಾರದೆಂದು ಒಂದೊಂದು ಕಲ್ಲಿಗೂ ಹಳೇ ಬಟ್ಟೆಯ ಅಂಗಿ ಹೊಲಿದಿದ್ದಾರೆ. ಚೀಲದ ಪಟ್ಟಿಗೊಂದು ಸೀಟಿ, ಬೆಟ್ಟದಲ್ಲಿ ಏನೂ ಬಿಟ್ಟುಬರಬಾರದೆಂದು ಬಾಯಿಯ ಒಳಗೆ 'ತಂದದ್ದೆಲ್ಲ ವಾಪಸ್' ಎಂದು ಬರೆದ ಬಟ್ಟೆ ತುಂಡು, ಎರಡೂ ಇವರದೇ ಹೊಲಿಗೆ. ಚೀಲ ಕೊಡುವಾಗ ಬಾಯಿ ಸುಮ್ಮನಿರುವುದಿಲ್ಲ: ಹೊಸ ಬೂಟು ಹಾಕ್ಕೊಂಡು ಹೋಗಬೇಡಿ, ಎಲ್ಲಿಗೆ ಹೋಗ್ತಿದ್ದೀರಿ ಅಂತ ಮನೇಲಿ ಹೇಳಿ, ಒಬ್ಬರೇ ಹೋಗಬೇಡಿ, ವಾಪಸ್ ತಿರುಗೋ ಹೊತ್ತಿಗೆ ತಿರುಗಿಬಿಡಿ. ಕೆಲವರು ತಲೆಯಾಡಿಸುತ್ತಾರೆ, ಕೆಲವರು ಫೋನು ನೋಡುತ್ತಾರೆ.

ಇಷ್ಟೆಲ್ಲ ಹೇಳುವ ಚೀಲದಕ್ಕ ಮಾತ್ರ ಬೆಟ್ಟ ಹತ್ತಿರಲಿಲ್ಲ. ಭಾನುವಾರವೇ ಅಂಗಡಿಗೆ ಜಾತ್ರೆ, ರಜೆ ಎಲ್ಲಿಂದ ಬರಬೇಕು? ಹೋದ ತಿಂಗಳು ಅಂಗಡಿಯವರೇ ಒಂದು ಭಾನುವಾರ ಬಿಟ್ಟುಕೊಟ್ಟರು. ಸುದ್ದಿ ಕೇಳಿದ್ದೇ ತಡ, ಅರವತ್ತು ದಾಟಿದ ಅತ್ತೆ ಪಟ್ಟು ಹಿಡಿದು ಕೂತರು. "ಒಬ್ಬರೇ ಹೋಗಬೇಡಿ ಅಂತ ನೀನೇ ಊರಿಗೆಲ್ಲ ಹೇಳ್ತೀಯ. ನಾನು ಬರ್ತೀನಿ ಕಣೇ." ಡಾಕ್ಟರು ಎದೆ ಬಡಿತ ನೋಡಿ ಹೂಂ ಅಂದರು. ಆಮೇಲೆ ಗೊತ್ತಾದದ್ದೇನೆಂದರೆ, ಸೊಸೆ ಮಿಷನ್ನಿನ ಮುಂದೆ ಕೂತಿರುವಾಗ ಈ ಅಜ್ಜಿ ತಿಂಗಳುಗಟ್ಟಲೆ ಕದ್ದು ಮೆಟ್ಟಿಲು ಹತ್ತಿಳಿದು ಕಾಲು ಪಳಗಿಸಿಕೊಂಡಿದ್ದರು. ಎಂಥಾ ಕಿಲಾಡಿ ನೋಡಿ.

ಹಾಗೆ ಹೊರಟ ಮೊದಲ ಯಾತ್ರೆಯ ಕಥೆ ಕೇಳಬೇಕು. ಅತ್ತೆ ಹಗುರ ಚೀಲ ಹೊತ್ತು ಮುಂದೆ ಮುಂದೆ. ಸೊಸೆಗೆ ಮಾತ್ರ ಅರ್ಧ ದಾರಿಗೇ ಏದುಸಿರು. "ನನಗೇ ವಯಸ್ಸಾಯ್ತೇನೋ ಅಂತ ಎದೆ ಧಸಕ್ ಅಂತು. ಅತ್ತೆ ಬೇರೆ ತಿರುಗಿ ತಿರುಗಿ ನೋಡಿ, ಕೈ ಹಿಡ್ಕೊಳ್ಳಲೇನೇ ಅಂತ ಕಿಚಾಯಿಸ್ತಿದ್ರು." ಚಪ್ಪಟೆ ಬಂಡೆಯೊಂದರ ಮೇಲೆ ಕೂತಾಗ ಗಾಳಿ ಬೀಸಿತು. ಸ್ವೆಟರ್ ತೆಗೆಯೋಣವೆಂದು ಅತ್ತೆ ಸೊಸೆಯ ಚೀಲದ ತಳಕ್ಕೆ ಕೈಹಾಕಿದರು. ಕೈಗೆ ಬಂದದ್ದು ಅಂಗಿ ತೊಟ್ಟ ಕಲ್ಲು. ಒಂದಲ್ಲ, ಐದು.

ಹಿಂದಿನ ಸಂಜೆ ತಮ್ಮ ಚೀಲವನ್ನು ಪರೀಕ್ಷೆ ಮಾಡಿದ ಚೀಲದಕ್ಕ, ಹೊರಡುವ ಸಂಭ್ರಮದಲ್ಲಿ ಕಲ್ಲು ತೆಗೆಯುವುದನ್ನೇ ಮರೆತಿದ್ದರು. ಬೆಳಿಗ್ಗೆ ನೀರು, ಬುತ್ತಿ ತುಂಬಿದ ಅತ್ತೆ, ತಳದಲ್ಲಿರುವುದು ಬೆಚ್ಚಗಿನ ಬಟ್ಟೆ ಎಂದುಕೊಂಡಿದ್ದರು. ಇಬ್ಬರೂ ಬಂಡೆಯ ಮೇಲೆ ಹೊಟ್ಟೆ ಹುಣ್ಣಾಗುವಷ್ಟು ನಕ್ಕರು. ನಗು ಇಳಿದ ಮೇಲೆ ಗಡಿಯಾರ ನೋಡಿದರು.

ಒಂದು ಗಂಟೆಗೆ ಎಲ್ಲಿದ್ದೀರೋ ಅಲ್ಲಿಂದಲೇ ತಿರುಗಿ ಎಂದು ಬುಡದಲ್ಲಿ ಕಾವಲುಗಾರ ಹೇಳಿದ್ದ. ತಡವಾದರೆ ಕೆಳಗಿನ ಕಾಡಿನಲ್ಲಿ ಕತ್ತಲಾಗುತ್ತದೆ. ಮತ್ತೆ ಹತ್ತತೊಡಗಿದರು. ಒಂದು ಗಂಟೆಯಾದಾಗ ಇಬ್ಬರೂ ತುದಿಯಲ್ಲಿದ್ದವರ ಟೋಪಿಯ ಬಣ್ಣ ಗುರುತು ಸಿಗುವಷ್ಟು ಹತ್ತಿರವಿದ್ದರು.

"ಇನ್ನೇನು ಕೈಗೆ ಸಿಕ್ಕಿತು ಕಣೇ, ಒಂದರ್ಧ ಗಂಟೆ" ಅಂದರು ಅತ್ತೆ.

"ಅಂಗಡೀಲಿ ಎಲ್ಲರಿಗೂ ನಾನು ಹೇಳೋದೇನು ಅತ್ತೆ?"

"ಹೇಳೋದು ಬೇರೆ, ಇಲ್ಲಿ ನಿಂತಿರೋದು ಬೇರೆ."

ಚೀಲದಕ್ಕ ತಿರುಗಿದರು. "ಕಣ್ಣಲ್ಲಿ ನೀರು ಬಂತು. ಅತ್ತೆಗೆ ಕಾಣಬಾರದು ಅಂತ ಬಿರಬಿರನೆ ಮುಂದೆ ನಡೆದೆ." ಕಲ್ಲುಗಳನ್ನಾದರೂ ಅಲ್ಲೇ ಎಸೆ, ಬೆಟ್ಟಕ್ಕೇನು ಕಲ್ಲಿಗೆ ಬರವೇ ಎಂದು ಅತ್ತೆ ಹಿಂದಿನಿಂದ ರೇಗಿದರು. ಸೊಸೆ ಜಪ್ಪಯ್ಯ ಅಂದರೂ ಕೇಳಲಿಲ್ಲ. ತಂದದ್ದೆಲ್ಲ ವಾಪಸ್ ಎಂದು ಹೊಲಿದ ಕೈ ಅದು. ಕೊನೆಗೆ ಗೊಣಗುತ್ತಲೇ ಎರಡು ಕಲ್ಲನ್ನು ಅತ್ತೆ ತಮ್ಮ ಚೀಲಕ್ಕೆ ಹಾಕಿಕೊಂಡರು.

ಅಂದು ಮೋಡ ಕವಿಯಲಿಲ್ಲ, ಮಳೆ ಬರಲಿಲ್ಲ. ಬೆಳಕಿರುವಾಗಲೇ ಬಸ್ಸು ಹತ್ತಿದರು. ಅತ್ತೆಗೆ ಅದೇ ಸಿಟ್ಟು: "ಏನೂ ಆಗ್ಲಿಲ್ಲ. ಸುಮ್ಮನೆ ತಿರುಗಿದ್ವಿ." ಚೀಲದಕ್ಕ ಅಷ್ಟೇ ತಣ್ಣಗೆ ಅನ್ನುತ್ತಾರೆ: "ಏನೂ ಆಗಬಾರದು ಅಂತ್ಲೇ ತಿರುಗಿದ್ದು. ನನ್ನ ಕೆಲಸಾನೂ ಅಷ್ಟೇ ಅಲ್ವಾ? ಪಟ್ಟಿ ಕಿತ್ತರೆ ನನ್ನ ನೆನಪು ಬರುತ್ತೆ. ಕೀಳದಿದ್ರೆ ಯಾರಿಗೂ ನೆನಪಿರಲ್ಲ. ನೆನಪಿರದಿದ್ರೇ ಒಳ್ಳೇದು."

ಈ ಭಾನುವಾರ ಮತ್ತೆ ರಜೆ ಸಿಕ್ಕಿದೆ. ಮುಂದೆ ರಜೆಯ ಕಾಲ, ಅಂಗಡಿಯಲ್ಲಿ ಉಸಿರಾಡಲೂ ಬಿಡುವಿರುವುದಿಲ್ಲ, ಆಮೇಲೆ ಮಳೆಗೆ ದಾರಿ ಮುಚ್ಚುತ್ತಾರೆ. ಈ ಸಲ ತಪ್ಪಿದರೆ ಮತ್ತೆ ವರ್ಷದ ಮಾತು. ಮನೆಯಲ್ಲಿ ಇಬ್ಬರೂ ತುದಿಗಾಲಲ್ಲಿ ನಿಂತಿದ್ದಾರೆ. ಟಾರ್ಚಿಗೆ ಹೊಸ ಸೆಲ್ಲು ಬಿದ್ದಿದೆ, ಬೂಟಿಗೆ ಎಣ್ಣೆ ಹಚ್ಚಿಯಾಗಿದೆ, ಎಷ್ಟು ಹೊತ್ತಿಗೆ ಬರುತ್ತೇವೆಂದು ಲಾರಿಯಲ್ಲಿರುವ ಗಂಡನಿಗೂ ಕೆಳಮನೆಯವರಿಗೂ ಹೇಳಿಯಾಗಿದೆ. ಮೊದಲ ಬಸ್ಸಿಗೇ ಹೊರಡುತ್ತಾರೆ. ಅತ್ತೆಯಂತೂ ಸೊಸೆಯ ಚೀಲವನ್ನು ತಲೆಕೆಳಗು ಮಾಡಿ ಎರಡೆರಡು ಸಲ ಕೊಡವಿದ್ದಾರೆ. ಕಲ್ಲುಗಳು ಕೆಳಮನೆಯವರ ವಶದಲ್ಲಿವೆ. ಸೋಮವಾರದವರೆಗೆ ಅವಳು ಬಂದು ಕೇಳಿದರೂ ಕೊಡಬೇಡಿ ಎಂದು ಅಪ್ಪಣೆಯಾಗಿದೆ.

ತುದಿ ಮುಟ್ಟಿದರೆ ಮೊದಲು ಏನು ಮಾಡುತ್ತೀರಿ ಎಂದು ಕೇಳಿದರೆ ಚೀಲದಕ್ಕ ಸೂಜಿಗೆ ದಾರ ಪೋಣಿಸುವುದನ್ನು ನಿಲ್ಲಿಸುತ್ತಾರೆ. "ಚೀಲ ಇಳಿಸಿ ಪಕ್ಕಕ್ಕಿಡ್ತೀನಿ. ಇಷ್ಟು ವರ್ಷ ತಾರಸಿ ಹತ್ತಿದ್ರೂ ಹೊಲಿಗೆ ಬಿಟ್ಟು ಬೇರೇನೂ ನೋಡಿಲ್ಲ. ಅಲ್ಲಿ ಒಂದು ಗಳಿಗೆ ತಲೆ ಎತ್ತಿ ಸುತ್ತಲೂ ನೋಡಬೇಕು. ಅಷ್ಟೇ ಆಸೆ."

ಬಾಗಿಲಲ್ಲಿ ನಿಂತ ಅತ್ತೆ ನಂಬುವುದಿಲ್ಲ. "ಮೊದಲು ಹೊಲಿಗೇನೇ ನೋಡ್ತಾಳೆ ಇವಳು. ಅದಕ್ಕೇ ನಾನು ಹೋಗ್ತಿರೋದು, ಗಲ್ಲ ಹಿಡಿದು ತಲೆ ಎತ್ತಿಸೋಕೆ."