ಬಡಗಿಯ ಮನೆಯ ಮೆಟ್ಟಿಲು

ಅಂದು ಬೆಳಗ್ಗೆ ಬಡಗಿ ಸುತ್ತಿಗೆ ಹಿಡಿದೇ ಹೊಸಿಲು ದಾಟಿದ್ದ. ಅವರ ಮಾಳಿಗೆಯಿಂದ ಇಳಿಯುವ ಮರದ ಮೆಟ್ಟಿಲಿನಲ್ಲಿ ಒಂದು ಹಲಗೆ ಅಲುಗುತ್ತಿತ್ತು.

“ನಾಲ್ಕು ಮೊಳೆ ಕಣೇ. ನೀನು ಚಹಾ ಸೋಸೋದ್ರೊಳಗೆ ಮುಗಿಸ್ತೀನಿ.”

“ಮುಟ್ಟಿದ್ರೆ ನೋಡಿ ಮತ್ತೆ!” ಹೆಂಡತಿ ಒಳಗಿನಿಂದಲೇ ಗದರಿದಳು. “ಇವತ್ತು ಮೊಳೆ ನಾವು ಹೊಡೆದ್ರೆ ನಾಳೆ ಸೂರೂ ನಮ್ಮ ತಲೆಗೇ ಬರುತ್ತೆ. ರಿಪೇರಿ ಮನೆ ಒಡತಿ ಕೆಲಸ ಅಂತ ಬಾಡಿಗೆದಾರರ ಸಂಘದಲ್ಲಿ ಕೂಗಾಡಿದವಳು ನಾನು. ನನ್ನ ಗಂಡನೇ ಸುತ್ತಿಗೆ ಹಿಡಿದ್ರೆ ಮುಖ ಎಲ್ಲಿಡ್ಲಿ?”

“ಊರವರ ಬಾಗಿಲೆಲ್ಲ ಗಟ್ಟಿ, ಬಡಗಿ ಮನೆ ಮೆಟ್ಟಿಲು ಮಾತ್ರ ಕುಣಿಯುತ್ತೆ,” ಎಂದು ಅವನು ನಕ್ಕ. ಸುತ್ತಿಗೆ ಚೀಲ ಸೇರಿತು. ಹೆಂಡತಿಯ ಮಾತು ಮೀರಿದವನಲ್ಲ.

ಬಾಡಿಗೆ ಏರಿಸಕೂಡದೆಂಬ ಕಾನೂನಿಗಾಗಿ ಓಣಿಯ ಹೆಂಗಸರನ್ನು ಕಟ್ಟಿಕೊಂಡು ಬೀದಿಗಿಳಿದವಳು ಅವಳೇ. ಕಾನೂನು ಬಂತು. ಮನೆಯುಳ್ಳವರೆಲ್ಲ ಸಾಹುಕಾರರು ಎಂದೇ ಅವಳ ನಂಬಿಕೆ. ಒಡತಿಯೋ ಕೆಳಗಿನ ಒಂದೇ ಕೋಣೆಯಲ್ಲಿದ್ದ ಮುದುಕಿ. ಅವಳ ಊಟ, ಔಷಧಿ ಎರಡೂ ಆ ಬಾಡಿಗೆಯಲ್ಲೇ.

“ಸ್ವಲ್ಪ ಹೆಚ್ಚು ಕೊಡಮ್ಮ, ಮೆಟ್ಟಿಲು ಮಾಡಿಸ್ತೀನಿ. ಬಾವೀಲಿದ್ರೆ ತಾನೇ ಬಿಂದಿಗೇಗೆ ಬರೋದು?” ಎಂದು ಮುದುಕಿ ಕೇಳಿದ್ದಳು.

“ಹಳೇ ರಾಗ ಬೇಡಜ್ಜಿ,” ಎಂದು ಬಡಗಿಯ ಹೆಂಡತಿ ಬಾಯಿ ಮುಚ್ಚಿಸಿದ್ದಳು. ಕಾನೂನು ಬಾಡಿಗೆಯನ್ನು ಕಟ್ಟಿಹಾಕಿತ್ತು. ಗೆದ್ದಲನ್ನು ಕಟ್ಟಿಹಾಕಿರಲಿಲ್ಲ.

ಮರುದಿನ ಹಲಗೆ ಕಳಚಿತು. ಬಿದ್ದ ಬಡಗಿ ಮತ್ತೆ ಏಳಲೇ ಇಲ್ಲ.

ವಾರ ಕಳೆದು ಸಂಘದ ಅಧ್ಯಕ್ಷ ಬಂದ. “ಒಡತಿ ದುರಾಸೆ ನಿಮ್ಮವರನ್ನ ನುಂಗ್ತು ಅಕ್ಕ. ಕೇಸು ಹಾಕೋಣ. ನೀವು ಹೂಂ ಅಂದ್ರೆ ಸಾಕು, ಮನೆ ಮಾರಿಯಾದ್ರೂ ಪರಿಹಾರ ಕಕ್ತಾಳೆ.”

“ದುರಾಸೆ ಇಟ್ಕೊಳ್ಳೋಕೆ ಆ ಕೋಣೇಲಿ ಜಾಗ ಎಲ್ಲಿದೆಯಪ್ಪ?”

“ತತ್ವ ಬಿಡಬಾರ್ದು ಅಕ್ಕ.”

“ನಾನು ತತ್ವ ಹಿಡ್ಕೊಂಡೆ, ಅವರಿಗೆ ಸುತ್ತಿಗೆ ಹಿಡಿಯೋಕೆ ಬಿಡ್ಲಿಲ್ಲ. ಕೇಸು ಹಾಕೋದಿದ್ರೆ ನನ್ನ ಮೇಲೆ ಹಾಕು.”

ಅಧ್ಯಕ್ಷ ಗೋಡೆ ಹಿಡಿದು, ಹಲಗೆಯಿಲ್ಲದ ಜಾಗವನ್ನು ಜೋಪಾನವಾಗಿ ದಾಟಿ ಇಳಿದು ಹೋದ.

ಅಂದೇ ಅವಳು ಗಂಡನ ಚೀಲ ಬಿಚ್ಚಿ ಹೊಸ ಹಲಗೆ ಕೂರಿಸಿದಳು. ಅಜ್ಜಿ ಕೆಳಗೆ ನಿಂತು ಹಲಗೆ ಹಿಡಿದಿದ್ದಳು. ಬಡಗಿಯ ಹೆಂಡತಿಯಾದರೇನು, ಮೊಳೆ ಸೊಟ್ಟಗೇ ಇಳಿದವು. ಸೊಟ್ಟ ಮೊಳೆಗೆ ಹಿಡಿತ ಕಮ್ಮಿ.

ಈಗಲೂ ದಿನಾ ಬೆಳಗ್ಗೆ ಚಹಾಕ್ಕೆ ನೀರಿಟ್ಟು ಅವಳು ಮೆಟ್ಟಿಲಿಗೆ ಬಂದು ಕೂರುತ್ತಾಳೆ. ಮೇಲೆದ್ದ ಮೊಳೆಗಳನ್ನು ಬಡಿದು ಇಳಿಸುತ್ತಾಳೆ. ನೀರು ಕುದಿಯುವುದರೊಳಗೆ ಮುಗಿಯುತ್ತದೆ.