ಕಳಕವ್ವ ಬೇಡಿದ್ದು

ನಮ್ಮಜ್ಜಿ ಕಳಕವ್ವನಿಗೆ ಸೊಕ್ಕು ಜಾಸ್ತಿ ಎಂದು ನಮ್ಮೂರು ಸವಡಿಯ ತುಂಬ ಮಾತಿತ್ತು. ಸುಳ್ಳಲ್ಲ. ಕೊಡುವ ಮನೆತನದ ಸೊಸೆ. ಉಪ್ಪು ತೀರಿದರೂ ಪಕ್ಕದ ಮನೆಯಲ್ಲಿ ಕೇಳದೆ ಸಪ್ಪೆ ಉಂಡವಳು.

೧೮೫೮ರಲ್ಲಿ ನರಗುಂದದ ಬಂಡಾಯ ಅಡಗಿದ ವಾರ ಅಜ್ಜ ತೋಟಪ್ಪ ಅಲ್ಲಿಗೆ ಮೇವಿನ ಬಂಡಿ ಹೊಡೆದುಕೊಂಡು ಹೋಗಿದ್ದ. ಬಂಡಿಯಲ್ಲಿ ಕೊಡಲಿ ಸಿಕ್ಕಿತೆಂದು ಸಿಪಾಯಿಗಳು ಹಿಡಿದು ಸೆರೆಗೆ ಹಾಕಿದರು. ಬಂಡಾಯಗಾರರನ್ನು ನೇಣಿಗೇರಿಸುತ್ತಿದ್ದ ಕಾಲ. ಅಜ್ಜಿ ರೋಣಕ್ಕೆ ನಡೆದು, ಅರ್ಜಿ ಬರೆಯುವ ನಿಜಾಮುದ್ದೀನ ಮುನ್ಶಿಯ ಕಟ್ಟೆಯ ಮೇಲೆ ಕೂತಳು. ಹೊಲ ಅಳೆಯುವ ಮೋಜಣಿ ಸಾಹೇಬನೊಬ್ಬನ ಕೈಕೆಳಗೆ ದುಡಿದು ಇಂಗ್ಲಿಷ್ ಕಲಿತವನು ಆ ಮುನ್ಶಿ.

ಕಲೆಕ್ಟರ್ ಸಾಹೇಬನಿಗೆ ಇಂಗ್ಲಿಷಿನಲ್ಲಿ ಬರೆದದ್ದನ್ನು ಅವನು ಓದಿ ಹೇಳಿದ. "ಇಲ್ಲೆ 'ಬೆಗ್' ಅಂತ ಬರದೀನಿ ತಂಗಿ. ಬೇಡ್ಕೋತೀನಿ ಅಂತ ಅರ್ಥ."

ಅಜ್ಜಿ ಎದ್ದು ನಿಂತಳು. "ನಮ್ಮ ಮನ್ಯಾಗ ನೀಡೂದಷ್ಟ ಗೊತ್ತರಿ, ಬೇಡೂದಿಲ್ಲ. ಆ ಶಬ್ದ ತಗೀರಿ."

ಗಂಡನ ಕೊರಳು ಹಗ್ಗದ ಹತ್ತಿರವಿದ್ದಾಗ ಇಂಥ ಬಿಂಕ! ನನಗಾದರೆ ಸಿಟ್ಟು ನೆತ್ತಿಗೇರುತ್ತಿತ್ತು. ಮುನ್ಶಿ ಲೇಖನಿ ಕೆಳಗಿಟ್ಟ.

"ಸಾಹೇಬ್ರ ಸೀಮ್ಯಾಗ ಹಿಂದಕ ಭಿಕ್ಷಾಕ್ಕ ತಿರುಗೋ ಸಾಧುಗೋಳಿದ್ರಂತ. ಅವರ ಹೆಸರಿಂದ ಈ ಶಬ್ದ ಬಂತು ಅಂತಾರ ಕೆಲವರು. ಖರೇ ಏನೋ, ಯಾರಿಗೂ ಪಕ್ಕಾ ಗೊತ್ತಿಲ್ಲ. ಈಗ ದೊಡ್ಡ ದೊಡ್ಡ ಸಾಹೇಬ್ರೂ ರಜಾ ಕೇಳೂವಾಗ, ತಪ್ಪಾತು ಅನ್ನೂವಾಗ ಇದನ್ನ ಬರೀತಾರ. ನಿಮ್ಮ ಮನೀಗೆ ಜೋಳಿಗಿ ಹಿಡದು ಜಂಗಮ ಅಯ್ಯಾರು ಬರ್ತಾರಲ್ಲ, ಅವರ ಕಾಲಿಗೆ ನೀನ ಬೀಳ್ತೀಯಲ್ಲವಾ? ಬೇಡಿದವರು ಸಣ್ಣವರು ಹ್ಯಾಂಗಾದ್ರು?"

ಅಜ್ಜಿ ಮತ್ತೆ ಕಟ್ಟೆಯ ಮೇಲೆ ಕೂತು, ಸಹಿ ಬಾರದ ಹೆಂಗಸರ ರೂಢಿಯಂತೆ ಕಾಗದದ ಕೆಳಗೆ ಬಳೆಯ ಗುರುತು ಬರೆದಳು. ಆ ದುಂಡನೆಯ ಗೆರೆಯ ಎರಡು ತುದಿ ಸೇರಲೇ ಇಲ್ಲವಂತೆ.

ಅರ್ಜಿ ಓದಿದ ಸಾಹೇಬ ಮತ್ತೊಮ್ಮೆ ವಿಚಾರಣೆ ಮಾಡಿಸಿದ. ಎರಡು ತಿಂಗಳಿಗೆ ಅಜ್ಜ ಮನೆಗೆ ಬಂದ. ಮರುದಿನವೇ ಅಜ್ಜಿ ರೋಣಕ್ಕೆ ಹೋಗಿ, ಅಲ್ಲಿಯವರೆಗೆ ಯಾರ ಮುಂದೆಯೂ ಒಡ್ಡದ ಸೆರಗನ್ನು ಮುನ್ಶಿಯ ಮುಂದೆ ಒಡ್ಡಿದಳು.

ಮುನ್ಶಿ ಗಾಬರಿಯಾದ. "ಏನವಾ ಇದು?"

"ಬೇಡಾಕ ಬಂದೀನ್ರಿ. ನನಗ ನಾಕ ಅಕ್ಷರ ಕಲಸ್ರಿ."

ಕಲಿಸಿದ. ಆ ಪುಣ್ಯಾತ್ಮನ ಉಪಕಾರವನ್ನು ನಾವು ಮರೆತಿಲ್ಲ. ಅಜ್ಜ ಉಳಿದದ್ದಕ್ಕೇ ನಮ್ಮಪ್ಪ ಹುಟ್ಟಿದ, ನಾನು ಹುಟ್ಟಿದೆ. ಪ್ರತಿ ಸುಗ್ಗಿಯ ಮೊದಲ ಜೋಳ ಅವರ ಮನೆಗೆ ಹೋಗುತ್ತದೆ, ಜೊತೆಗೊಂದು ಚೀಟಿ. ಅಜ್ಜಿ ಇರುವ ತನಕ ಆ ಚೀಟಿಯನ್ನು ಬೇರೆ ಯಾರಿಗೂ ಬರೆಯಗೊಡಲಿಲ್ಲ. ಸೊಟ್ಟ ಅಕ್ಷರದಲ್ಲಿ ಇಷ್ಟೇ ಇರುತ್ತಿತ್ತು: 'ತಗೋರಿ, ಬೇಡ್ಕೋತೀನಿ. ಕಳಕವ್ವ.'