ಚೌಡಯ್ಯನ ಗಂಟು

ಭದ್ರಾವತಿಯ ಹಳೇ ಊರಿನ ಹೊಳೆದಂಡೆಯಲ್ಲಿ, ಪೊಲೀಸ್ ಚೌಕಿಯ ಹೆಂಚಿನ ಮೇಲೆ ವಾಲಿಕೊಂಡು ಒಂದು ತೆಂಗಿನ ಮರವಿತ್ತು. ವರ್ಷಕ್ಕೆ ನಾಲ್ಕು ಸಲ ಅದನ್ನು ಹತ್ತಿ ಕಾಯಿ ಕೆಡವುತ್ತಿದ್ದವನು ಚೌಡಯ್ಯ. ಮರ ಹತ್ತುವುದು ಬಿಟ್ಟರೆ ಅವನಿಗೆ ಗೊತ್ತಿದ್ದ ಇನ್ನೊಂದು ವಿದ್ಯೆ ಗಂಟು ಹಾಕುವುದು. ಅಪ್ಪ ಕಲಿಸಿದ ಗಂಟು. ಯಾವ ಎಳೆ ಹಿಡಿಯಬೇಕೆಂದು ತಿಳಿದವನಿಗೆ ಒಂದೇ ಎಳೆತಕ್ಕೆ ಬಿಚ್ಚುತ್ತಿತ್ತು, ತಿಳಿಯದವನ ಉಗುರು ಕೀಳುತ್ತಿತ್ತು.

1942ರ ಆಗಸ್ಟಿನಲ್ಲಿ ಒಂದು ಬೆಳಗ್ಗೆ ನೋಡಿದರೆ ಆ ಮರದ ನೆತ್ತಿಯಲ್ಲಿ ತ್ರಿವರ್ಣ ಬಾವುಟ. ಮರ ಕಡಿದರೆ ಚೌಕಿಯ ಹೆಂಚು ಪುಡಿಯಾಗುತ್ತದೆ. ಹತ್ತಲು ಹೋದ ಇಬ್ಬರು ಪೇದೆಗಳು ಆಳೆತ್ತರದಿಂದಲೇ ಜಾರಿ ಬಂದರು. ಕೊನೆಗೆ ಚೌಡಯ್ಯನಿಗೇ ಕರೆ ಹೋಯಿತು. ನಸುಕಿನಲ್ಲಿ ಬಾವುಟ ಕಟ್ಟಿ ಬಂದು ಆಗತಾನೆ ಗಂಜಿಗೆ ಕೂತಿದ್ದ ಚೌಡಯ್ಯ, ನಗು ನುಂಗಿಕೊಂಡು ಎದ್ದ.

ಹತ್ತುವಾಗಲೇ ಕತ್ತಿ ಕೈಜಾರಿ ಹೊಳೆಗೆ ಬಿತ್ತು. ಗಂಟು ಬಲು ಬಿಗಿಯಾಗಿದೆ ಎಂದು ಮೇಲಿನಿಂದ ಕೂಗಿದ. ನೀರು ಕೇಳಿದ, ಹಗ್ಗಕ್ಕೆ ಕಟ್ಟಿ ಏರಿಸಿದರು. ಎಲೆಅಡಿಕೆ ಕೇಳಿದ, ಅದೂ ಹೋಯಿತು. ಮಧ್ಯಾಹ್ನ ಪೇದೆ ಉಜ್ಜನಪ್ಪ ಅವನ ಮನೆಗೇ ಹೋಗಿ, ಹೆಂಡತಿ ಪುಟ್ಟಲಕ್ಷ್ಮಿ ಕಟ್ಟಿಕೊಟ್ಟ ರೊಟ್ಟಿಯ ಬುತ್ತಿ ತಂದು ಮೇಲಕ್ಕೆ ಕಳಿಸಿದ. ಕಬ್ಬಿಣದ ಕಾರ್ಖಾನೆಯ ಪಾಳಿ ಬಿಟ್ಟು ಬಂದ ಕೆಲಸಗಾರರೆಲ್ಲ ಸೇತುವೆಯ ಮೇಲೆ ನಿಂತು ಕಣ್ತುಂಬ ನೋಡಿಯಾದ ಮೇಲೆ, ಸಂಜೆ ಐದಕ್ಕೆ ಗಂಟು ಬಿಚ್ಚಿತು.

ಆರು ವರ್ಷ ಕಳೆದವು. ಸ್ವಾತಂತ್ರ್ಯಕ್ಕೆ ಒಂದು ವರ್ಷ ತುಂಬಿದ ದಿನ ಶಿವಮೊಗ್ಗದ ಗಂಗಾಧರಪ್ಪ ಮೇಷ್ಟ್ರು ಆ ಮರ ತೋರಿಸಲು ಪೇಟೆಯ ಮೂವತ್ತು ಮಂದಿಯನ್ನು ರೈಲಿನಲ್ಲಿ ಕರೆತಂದರು. ಜತೆಗೊಂದು ಹಲಗೆ. ಅಕ್ಷರಗಳು ಇನ್ನೂ ಸೀಮೆಸುಣ್ಣದಲ್ಲಿದ್ದವು, ಬಣ್ಣದ ಡಬ್ಬಿ ಪಕ್ಕದಲ್ಲಿತ್ತು. ಮೇಷ್ಟ್ರು ಗಟ್ಟಿಯಾಗಿ ಓದಿದರು: "ಇಲ್ಲಿ ಹೆಸರರಿಯದ ದೇಶಭಕ್ತನೊಬ್ಬನು ಬಾವುಟ ಏರಿಸಿದನು. ಪೊಲೀಸರ ಕೈಯಾಳು ಚೌಡಯ್ಯನು ಅದನ್ನು ಇಳಿಸಿದನು."

ಗುಂಪಿನ ಹಿಂದೆ ನಿಂತಿದ್ದ ಚೌಡಯ್ಯನ ಪಕ್ಕೆಗೆ ಪುಟ್ಟಲಕ್ಷ್ಮಿಯ ಮೊಣಕೈ ತಗುಲಿತು.

"ಹೋಗಿ ಹೇಳಿ. ಬಣ್ಣ ಬಿತ್ತೂಂದ್ರೆ ನಾಳೆ ಮೊಮ್ಮಕ್ಕಳೂ ಇದನ್ನೇ ಓದ್ತವೆ."

"ಯಾರು ನಂಬ್ತಾರೆ ಮಾರಾಯ್ತಿ? ಬಾವುಟ ಕಟ್ಟಿದೋರು ಈಗಾಗ್ಲೇ ಹನ್ನೊಂದು ಜನ ಇದಾರೆ." ಅದು ನಿಜವೇ. ಅವರಲ್ಲೊಬ್ಬರಿಗೆ ಅಟ್ಟದ ಏಣಿ ಹತ್ತಿದರೇ ತಲೆ ಸುತ್ತುತ್ತಿತ್ತು.

"ನೀವು ಹನ್ನೆರಡನೆಯವರಾಗಿ."

ಚೌಡಯ್ಯ ಮುಂದೆ ಹೋಗಿ ಹೇಳಿದ. ಮೇಷ್ಟ್ರು ಮರುಕದಿಂದ ನಕ್ಕರು. "ಅಲ್ಲ ಚೌಡಯ್ಯ, ನೀನೇ ಕಟ್ಟಿದ್ದಾದ್ರೆ ಬಿಚ್ಚೋಕೆ ಒಂದು ಹಗಲು ಯಾಕೆ ಬೇಕಾಯ್ತು?"

ಬಂದವರೆಲ್ಲ ನಕ್ಕರು. ಚೌಡಯ್ಯ ಬದುಕಿನಲ್ಲಿ ಹೂಡಿದ ಒಂದೇ ಒಂದು ಒಳ್ಳೆಯ ಆಟ ಈಗ ಅವನ ವಿರುದ್ಧವೇ ಸಾಕ್ಷಿ ಹೇಳುತ್ತಿತ್ತು. ಮೇಷ್ಟ್ರು ಕುಂಚವನ್ನು ಬಣ್ಣಕ್ಕೆ ಅದ್ದಿದರು.

"ಸ್ವಲ್ಪ ತಡೀರಿ ಮೇಷ್ಟ್ರೇ," ಎಂದು ಚೌಕಿಯ ಜಗಲಿಯಿಂದ ಒಂದು ದನಿ ಬಂತು. ಪಿಂಚಣಿ ಪಡೆದು ಎರಡು ವರ್ಷವಾದರೂ ಉಜ್ಜನಪ್ಪ ಕೂರುವುದು ಅಲ್ಲಿಯೇ. "ಅವತ್ತು ನಾನು ಮರದ ಬುಡದಲ್ಲಿ ಕತ್ತೆತ್ತಿ ನಿಂತಿದ್ದೆ. ಇವನು ಮೇಲೆ ಹೋಗಿ ಮುಟ್ಟಿದ್ದೇ ತಡ, ಗಂಟು ಒಂದೇ ಎಳೆತಕ್ಕೆ ಬಿಚ್ಚಿತು. ಈ ಮಾರಾಯ ಆ ಕಡೆ ಈ ಕಡೆ ನೋಡಿ ಮತ್ತೆ ಕಟ್ಟಿದ."

ಚೌಡಯ್ಯ ಬಾಯಿ ತೆರೆದು ಅವನನ್ನೇ ನೋಡಿದ. ಯಾರೂ ಕಾಣಲಿಲ್ಲವೆಂದೇ ಅವನು ಆರು ವರ್ಷ ನಂಬಿದ್ದ.

"ಗೊತ್ತಿದ್ದೂ ಬುತ್ತಿ ಯಾಕೆ ಏರಿಸಿದ್ರಿ?" ಎಂದು ಮೇಷ್ಟ್ರು ಕೇಳಿದರು.

"ಹಸಿದ್ರೆ ಬೇಗ ಇಳಿದುಬಿಡ್ತಾನಲ್ಲ."

ಮೇಷ್ಟ್ರು ಹಲಗೆಯನ್ನು ಪಂಚೆಯ ಚುಂಗಿನಿಂದ ಒರೆಸಿ ಚೌಡಯ್ಯನ ಕಡೆ ತಿರುಗಿದರು. "ಏನಂತ ಬರೀಲಿ, ನೀವೇ ಹೇಳಿ." ನೀನು ಹೋಗಿ ನೀವು ಬಂದಿತ್ತು.

"ಕಟ್ಟಿದ್ದೂ ನಾನೇ, ಇಳಿಸಿದ್ದೂ ನಾನೇ. ಎರಡೂ ಬರೀರಿ."

"ಬುತ್ತಿ ಯಾರದೂಂತಲೂ ಬರೀರಿ," ಎಂದಳು ಪುಟ್ಟಲಕ್ಷ್ಮಿ.

ಬಣ್ಣ ಆರಿದ ಮೇಲೆ ಚೌಡಯ್ಯ ಕಾಲಿಗೆ ಹಗ್ಗದ ತಳೆ ಹಾಕಿ ಮರ ಹತ್ತಿ, ಎರಡಾಳೆತ್ತರದಲ್ಲಿ ಹಲಗೆ ಕಟ್ಟಿದ. ಮೇಷ್ಟ್ರು ಹಿಂದೆ ಸರಿದು ನೋಡಿದರು.

"ಎಡಕ್ಕೆ ವಾಲಿದೆಯಲ್ಲ ಚೌಡಯ್ಯನೋರೇ. ಬಿಚ್ಚಿ ಸರಿಯಾಗಿ ಕಟ್ಟಿ."

ಚೌಡಯ್ಯ ಗಂಟು ಮುಟ್ಟಿ ನೋಡಿದ. ಆಮೇಲೆ ಕೆಳಗೆ ಉಜ್ಜನಪ್ಪನ ಕಡೆ ನೋಡಿದ.

"ಗಂಟು ಬಲು ಬಿಗಿಯಾಗಿದೆ ಮೇಷ್ಟ್ರೇ. ಊಟದ ಹೊತ್ತಾಗಬಹುದು."

ಉಜ್ಜನಪ್ಪ ಆಗಲೇ ಜಗಲಿಯಿಂದ ಎದ್ದು ಪುಟ್ಟಲಕ್ಷ್ಮಿಯನ್ನು ಕೇಳುತ್ತಿದ್ದ, ಇವತ್ತು ರೊಟ್ಟಿಗೆ ಏನು ಮಾಡಿದ್ದಾಳೆಂದು.